ದ್ವೀಪಾಂತರದವರ ಮನೆಯ ಪೇರಂಟಾಲಮ್ಮ

ಪೂಜಾರಿ ಸತ್ತದ್ದು ಖಚಿತವಾದ ದಿನ ನಾನು ಸೀದಾ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆ. ಸಾಲದು ಅನ್ನಿಸಿ ಇನ್ನೊಂದು ಹೇಳಿದೆ. ಚೆನ್ನೈನ ಆ ಸಪ್ಲೈಯರ್ ನನ್ನ ಮುಖ ನೋಡಿ, ಈಯಮ್ಮನಿಗೆ ಮೊಮ್ಮಗು ಹುಟ್ಟಿರಬೇಕು ಎಂದುಕೊಂಡನೋ ಏನೋ. ಬ್ರಿಟಿಷರ ಕಾಲದಲ್ಲಿ ಒಂದು ಕೊಲೆ ಮಾಡಿ, ಕರಿನೀರಿನ ಶಿಕ್ಷೆಯಾಗಿ ಅಂಡಮಾನಿಗೆ ಹೋದ ಯಲ್ದೂರು ಕಡೆಯ ಪೂಜಾರಿಯೊಬ್ಬನ ಮೇಲೆ ನಾನು ಕಾದಂಬರಿ ಬರೆಯುತ್ತಿದ್ದೆ. ಅವನು ಅಲ್ಲಿ ಏನಾದ ಎಂಬುದು ಗೊತ್ತಿರಲಿಲ್ಲ. ಆ ದಿನ ಚೆನ್ನೈನ ದಾಖಲೆಗಳ ಕಚೇರಿಯಲ್ಲಿ, ಹಳೆಯ ಸರ್ಕಾರಿ ಕಾಗದಗಳಲ್ಲಿ ಅದು ಸಿಕ್ಕಿತು. ಹೋದ ಕೆಲವೇ ವರ್ಷಗಳಲ್ಲಿ ಜ್ವರ ಬಂದು ತೀರಿಕೊಂಡಿದ್ದ. ನನ್ನ ಕಾದಂಬರಿಗೆ ಕೊನೆ ಸಿಕ್ಕಿತಲ್ಲ ಎಂದು ಹಿಗ್ಗಿದೆ. ಕಾದಂಬರಿ ಬರೆಯುವವರ ಜಾತಿಯೇ ಅಂಥದ್ದು, ಬೇರೆಯವರ ಸಾವಿನಲ್ಲೂ ಕೊನೆಯ ಅಧ್ಯಾಯ ಹುಡುಕುತ್ತದೆ.

ನಾನು ಮಾಲೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟು ನಿವೃತ್ತಳಾದವಳು. ನನ್ನ ಮಾತು ಕಡ್ಡಿ ತುಂಡು ಮಾಡಿದ ಹಾಗೆ ಎಂದು ಸ್ಟಾಫ್ ರೂಮಿನಲ್ಲಿ ಹೆಸರಾಗಿತ್ತು. ಹೊಗಳಿಕೆಯೋ ಬೈಗುಳವೋ, ನಾನು ಹೊಗಳಿಕೆ ಎಂದೇ ಇಟ್ಟುಕೊಂಡೆ. ನಡೆದದ್ದನ್ನು ನಡೆದ ಹಾಗೆ ಹೇಳಬೇಕು ಎನ್ನುವುದು ನನ್ನ ಪಾಠ, ನನ್ನ ಜಗಳ, ನನ್ನ ಜಂಬ, ಎಲ್ಲವೂ ಆಗಿತ್ತು.

ಈ ಪೂಜಾರಿಯ ವಿಷಯ ನನ್ನ ಕಿವಿಗೆ ಬಿದ್ದದ್ದು ಚಿಕ್ಕಂದಿನಲ್ಲಿ. ನನ್ನ ತಾಯಿಯ ತವರು ಶ್ರೀನಿವಾಸಪುರ ತಾಲ್ಲೂಕು. ಅಲ್ಲಿ ಹಟ ಮಾಡುವ ಹೆಣ್ಣುಮಕ್ಕಳಿಗೆ, ನಿನ್ನನ್ನು ದ್ವೀಪಾಂತರದವರ ಮನೆಗೆ ಕೊಟ್ಟುಬಿಡುತ್ತೇವೆ ಎಂದು ಹೆದರಿಸುತ್ತಿದ್ದರು. ನನಗೆ ಆ ಬೆದರಿಕೆ ಪದೇಪದೇ ಬೀಳುತ್ತಿತ್ತು. ದ್ವೀಪಾಂತರ ಎಂದರೆ ಗಡೀಪಾರಿಗಿಂತ ದೊಡ್ಡ ಶಿಕ್ಷೆ, ಸಮುದ್ರದಾಚೆಗೆ ಸಾಗಹಾಕುವುದು. ಆ ಮನೆಯ ಹಿರಿಯನೊಬ್ಬ ಹಾಗೆ ಹೋಗಿದ್ದರಿಂದ ಇಡೀ ವಂಶಕ್ಕೆ ಆ ಹೆಸರು ಅಂಟಿಕೊಂಡಿತ್ತು. ಈಗಲೂ ಅಂಚೆಯವನು ಮನೆ ತೋರಿಸುವಾಗ ಅದೇ ಹೆಸರು ಹೇಳುತ್ತಾನೆ.

ನಿಜ ಹೇಳುತ್ತೇನೆ, ನನಗೆ ಬೇಕಾಗಿದ್ದದ್ದು ಒಬ್ಬ ವೀರ. ಪರಂಗಿಯವರ ಎದುರು ಎದೆಯೊಡ್ಡಿದ ಪೂಜಾರಿ ಸಿಗುತ್ತಾನೆ ಎಂದು ಹುಡುಕಿದರೆ ಸಿಕ್ಕಿದ್ದು ಬರೀ ಕೋಪಿಷ್ಠ. ಕೆರೆಯ ತೂಬು ಯಾರು ಎತ್ತಬೇಕು ಎಂಬ ಜಗಳದಲ್ಲಿ ಪಕ್ಕದ ಹೊಲದವನಿಗೆ ಗುದ್ದಲಿಯಿಂದ ಹೊಡೆದಿದ್ದ. ಅಷ್ಟೇ. ದೇಶವೂ ಇಲ್ಲ, ಧರ್ಮವೂ ಇಲ್ಲ. ಆ ಸಂಜೆ ನಾನು ಪೆನ್ನು ಬಿಸಾಕಿ, ಇನ್ನು ಈ ಕೆಲಸ ಸಾಕು ಎಂದುಕೊಂಡೆ.

ಬಿಡಲಾಗಲಿಲ್ಲ. ಕೋಲಾರದ ಜೈಲಿನಿಂದ ಅವನನ್ನು ಮದರಾಸಿಗೆ ಯಾವ ದಾರಿಯಲ್ಲಿ ಕರೆದೊಯ್ದಿರಬಹುದು ಎಂದು ಯೋಚಿಸುತ್ತ ಒಂದು ದಿನ ಮುಳಬಾಗಿಲು ದಾಟಿ ನಂಗಲಿಗೆ ಹೋದೆ. ಹಳೆಯ ಮದರಾಸು ರಸ್ತೆ ಅಲ್ಲಿಂದಲೇ ಆಂಧ್ರಕ್ಕೆ ಇಳಿಯುತ್ತದೆ. ರಸ್ತೆ ಬದಿಯ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಲಾರಿಗಳನ್ನು ನೋಡಿದೆ. ಟೊಮೇಟೊ, ಕಬ್ಬಿಣ, ಕೋಳಿ, ಎಲ್ಲವೂ ಆ ಕಡೆಗೆ ಓಡುತ್ತಿದ್ದವು. ಲಾರಿ ಡ್ರೈವರೊಬ್ಬರನ್ನು, ಇಲ್ಲಿಂದ ಚೆನ್ನೈ ಬಂದರಿಗೆ ನಡೆದು ಹೋದರೆ ಎಷ್ಟು ದಿನ ಹಿಡಿಯಬಹುದು ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಸ್ಸು ಬರುತ್ತದಮ್ಮ, ಕೂತಿರಿ ಎಂದು ಸಮಾಧಾನ ಹೇಳಿದರು.

ನಗು ಬಂತು. ಆದರೆ ಅದೇ ಬೆಂಚಿನ ಮೇಲೆ ನನಗೆ ಆ ಮನುಷ್ಯನ ಪಾಡು ಮೊದಲ ಬಾರಿಗೆ ಮೈಗೆ ತಾಗಿತು. ನಮ್ಮ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೇ ಇಲ್ಲ. ಊರ ಕೆರೆ ಕೋಡಿ ಬಿದ್ದರೆ ಅದೇ ದೊಡ್ಡ ನೀರು, ಅದಕ್ಕೇ ಬಾಗಿನ ಕೊಟ್ಟು ಕೈ ಮುಗಿಯುತ್ತೇವೆ. ಅಂಥ ಕೆರೆಯ ನೀರಿಗಾಗಿ ಗುದ್ದಲಿ ಎತ್ತಿದವನು, ಕಾಲಿಗೆ ಬೇಡಿ ಹಾಕಿಸಿಕೊಂಡು ನಡೆದು, ಕೊನೆಗೊಂದು ದಿನ ಸಮುದ್ರದ ಮುಂದೆ ನಿಂತ. ಇಷ್ಟು ನೀರು ನೋಡಿ ಅವನಿಗೆ ಏನನ್ನಿಸಿರಬಹುದು? ನಾನು ನಂಗಲಿಯಲ್ಲಿ ಟೀ ಆರಿಹೋಗುವವರೆಗೆ ಬೆರಗಾಗಿ ಕೂತುಬಿಟ್ಟೆ. ಕೊಲೆಗಾರನೋ ವೀರನೋ ಎಂಬ ತಕರಾರು ಅಲ್ಲಿಗೆ ಮುಗಿಯಿತು.

ಆಮೇಲೆ ಅವನ ಊರಿಗೆ ಹೋದೆ. ಅವನ ವಂಶದವರು ಈಗಲೂ ಅಲ್ಲೇ ಇದ್ದಾರೆ. ಊರಾಚೆಯ ಈಶ್ವರನ ಗುಡಿಯ ಪೂಜೆ ಅವರದೇ, ಜೊತೆಗೆ ಮಾವಿನ ತೋಪು, ಒಂದಿಷ್ಟು ರಾಗಿ ಹೊಲ. ಈಗಿನ ಪೂಜಾರಪ್ಪ ನನ್ನ ವಯಸ್ಸಿನವರು, ಬಲು ಮಾತುಗಾರರು. ಮಾವಿನ ಮಂಡಿಯ ದಳ್ಳಾಳಿಗಳಿಗೆ ಬೈಯುತ್ತ ಬೈಯುತ್ತಲೇ ನಂದಿಗೆ ಹೂವು ಇಡುತ್ತಿದ್ದರು. ಮನೆಯಲ್ಲಿ ಅವರ ತಾಯಿ ಇದ್ದರು, ಬಾಗಿದ ಬೆನ್ನಿನ ಅಜ್ಜಿ. ಪೂಜಾರಪ್ಪನವರ ಹೆಂಡತಿ ಅಡುಗೆಮನೆಯಿಂದ ಕಾಫಿ ತಂದುಕೊಟ್ಟು, ನನ್ನ ಮುಖವನ್ನೂ ನೋಡದೆ ಒಳಗೆ ಹೋದರು. ಗಂಡಸರು ಕನ್ನಡದಲ್ಲಿ ಮಾತಾಡಿದರೆ ಹೆಂಗಸರು ತಮ್ಮೊಳಗೆ ತೆಲುಗಿನಲ್ಲಿ ಮಾತಾಡುವ ಮನೆ.

ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದಲ್ಲಿ ದ್ವೀಪಾಂತರಕ್ಕೆ ಹೋದವರಿಗೆ ಎಲ್ಲಿ ಎಡೆ ಇಡುತ್ತೀರಿ ಎಂದು ಪೂಜಾರಪ್ಪನವರನ್ನು ಕೇಳಿದೆ. ಕಾದಂಬರಿಗೆ ಅಂಥ ವಿವರ ಬೇಕಿತ್ತು. ಇಡುವುದೇ ಇಲ್ಲ ಎಂದರು.

"ಸತ್ತ ಸುದ್ದಿ ಬಂದಿಲ್ವಲ್ಲ ಟೀಚರಮ್ಮ. ಸುದ್ದಿ ಬರ್ದೆ ಎಡೆ ಇಕ್ಕೋದು ಎಂಗೆ? ಬದುಕಿರೋರಿಗೆ ಎಡೆ ಇಕ್ಕಿದಂಗಾಗಲ್ವಾ?"

ತಮಾಷೆಗೆ ಅಲ್ಲ, ಗಂಭೀರವಾಗಿಯೇ ಹೇಳಿದರು. ಅವನು ಹೋಗಿ ಎಷ್ಟು ತಲೆಮಾರು ಕಳೆದರೂ ಆ ಮನೆಯ ಲೆಕ್ಕದಲ್ಲಿ ಅವನು ಊರಲ್ಲಿಲ್ಲ, ಅಷ್ಟೇ.

ಆಮೇಲೆ ತೋಪಿಗೆ ಕರೆದುಕೊಂಡು ಹೋಗಿ ಒಂದು ಕಲ್ಲು ತೋರಿಸಿದರು. ಅರಿಶಿನ ಬಳಿದು, ಕುಂಕುಮ ಇಟ್ಟು, ಗಾಜಿನ ಬಳೆ ಏರಿಸಿದ ಮೊಣಕಾಲೆತ್ತರದ ಕಲ್ಲು. ಗಂಡ ಬದುಕಿರುವಾಗಲೇ, ಮುತ್ತೈದೆಯಾಗಿಯೇ ತೀರಿಕೊಂಡ ಹೆಣ್ಣನ್ನು ನಮ್ಮ ಕಡೆ ಪೇರಂಟಾಲು ಎನ್ನುತ್ತಾರೆ. ಅವಳು ಮನೆಯ ದೇವರೇ ಆಗುತ್ತಾಳೆ. ಈ ಕಲ್ಲು ಆ ಪೂಜಾರಿಯ ಹೆಂಡತಿಯದು. ಗಂಡ ಸತ್ತ ಸುದ್ದಿ ಬರದೆ ಇದ್ದದ್ದರಿಂದ ಅವಳು ಕೊನೆಯವರೆಗೂ ಕುಂಕುಮ ಇಟ್ಟುಕೊಂಡಿದ್ದಳು, ಮೊಮ್ಮಕ್ಕಳನ್ನು ಆಡಿಸಿ ಹಣ್ಣುಹಣ್ಣಾಗಿ ಹೋದಳು. ಆ ಮನೆಯಲ್ಲಿ ಮದುವೆ ಎಂದರೆ ಮೊದಲು ಈ ಪೇರಂಟಾಲಮ್ಮನ ಹೆಸರಿನಲ್ಲಿ ಐದು ಜನ ಮುತ್ತೈದೆಯರಿಗೆ ಎಲೆ ಹಾಕಿ ಉಣ್ಣಿಸಬೇಕು. ಆಮೇಲೆಯೇ ಚಪ್ಪರ. ಆ ದಿನ ನಾನು ಇದನ್ನೆಲ್ಲ ಖುಷಿಯಾಗಿ ಬರೆದುಕೊಂಡು ಬಂದೆ.

ಚೆನ್ನೈನಲ್ಲಿ ದೋಸೆ ತಿಂದದ್ದು ಇದಾದ ಮೇಲೆ. ಮಾಲೂರಿಗೆ ಬಂದವಳೇ ಪೂಜಾರಪ್ಪನವರಿಗೆ ಫೋನ್ ಮಾಡಿ, ನಿಮ್ಮ ಹಿರಿಯರ ಸುದ್ದಿ ಸಿಕ್ಕಿದೆ, ಬಂದು ಹೇಳುತ್ತೇನೆ ಎಂದೆ. ಅವರಿಗೂ ಖುಷಿಯಾಯಿತು. ಮಗಳ ಮದುವೆ ಗೊತ್ತಾಗಿದೆ, ಈ ಶುಕ್ರವಾರ ಪೇರಂಟಾಲಮ್ಮನ ಪೂಜೆ, ಅವತ್ತೇ ಬನ್ನಿ ಎಂದರು.

ನನ್ನ ತಲೆಗೆ ಹೊಳೆದದ್ದು ಶುಕ್ರವಾರ ಬಸ್ಸಿನಲ್ಲಿ. ಕೋಲಾರದಲ್ಲಿ ಬಸ್ಸು ಬದಲಿಸಿ ಶ್ರೀನಿವಾಸಪುರದ ಕಡೆ ಹೊರಟಿದ್ದೆ, ಕಿಟಕಿಯಾಚೆ ಮಾವಿನ ತೋಪುಗಳು ಶುರುವಾಗಿದ್ದವು. ಅವನು ಹೋದ ಕೆಲವೇ ವರ್ಷಗಳಲ್ಲಿ ಸತ್ತ. ಅವಳು ಮುದುಕಿಯಾಗುವವರೆಗೆ ಬದುಕಿದಳು. ಹಾಗಾದರೆ ಆ ಕುಂಕುಮ? ಆ ಬಳೆ? ನಾನು ಸುದ್ದಿ ಹೇಳಿದ ಗಳಿಗೆಯಲ್ಲಿ ಪೇರಂಟಾಲಮ್ಮ ವಿಧವೆಯಾಗುತ್ತಾಳೆ. ಆ ಮನೆಯ ಹೆಣ್ಣುಮಕ್ಕಳ ಮದುವೆಗಳೆಲ್ಲ ಯಾವ ಕಲ್ಲಿನ ಮುಂದೆ ಶುರುವಾದವೋ ಅದು ಬರೀ ಕಲ್ಲಾಗುತ್ತದೆ. ಅದೂ ಪೂಜಾರಪ್ಪನವರ ಮಗಳ ಮದುವೆಗೆ ಮುಂಚೆ.

ಇಷ್ಟು ಸಣ್ಣ ಕೂಡಿ ಕಳೆಯುವ ಲೆಕ್ಕ ಇತಿಹಾಸದ ಟೀಚರಿಗೆ ಇಷ್ಟು ದಿನ ಹೊಳೆದಿರಲಿಲ್ಲ. ಇಳಿದು ವಾಪಸು ಹೋಗೋಣವೇ ಎಂದುಕೊಂಡೆ. ನಡೆದದ್ದನ್ನು ನಡೆದ ಹಾಗೆ ಹೇಳಬೇಕು ಎಂದು ಜೀವಮಾನವೆಲ್ಲ ಕೂಗಾಡಿದವಳು ಈಗ ಬಾಯಿ ಮುಚ್ಚಿಕೊಳ್ಳುವುದು ಹೇಗೆ? ಸುಳ್ಳು ದೇವರಿಗೆ ಕೈ ಮುಗಿಯಿರಿ ಎಂದು ಬಿಟ್ಟುಬಿಡುವುದೇ? ಬಸ್ಸು ಯಲ್ದೂರು ಮುಟ್ಟಿದಾಗಲೂ ಏನೂ ತೀರ್ಮಾನವಾಗಿರಲಿಲ್ಲ. ಇಳಿದೆ.

ಮನೆಯ ಮುಂದೆ ಪೂಜಾರಪ್ಪ ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಐವರು ಮುತ್ತೈದೆಯರಲ್ಲಿ ಒಬ್ಬಳು ತಾಲ್ಲೂಕಿನ ಆಚೆಯವಳಾಗಿರಬೇಕಂತೆ, ಪೇರಂಟಾಲಮ್ಮ ಮುಳಬಾಗಿಲು ಕಡೆಯಿಂದ ಬಂದ ಸೊಸೆ ಎನ್ನುವ ಕಾರಣಕ್ಕೆ. ಹೊರಗಿನವಳಾಗಿ ನನ್ನನ್ನೇ ಕೂರಿಸುವುದೆಂದು ಅವರು ಆಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದರು. ಯಾರೂ ನನ್ನನ್ನು ಕೇಳಿರಲಿಲ್ಲ. ಹಣೆಯ ಮೇಲೆ ಬೊಟ್ಟು, ಕೈತುಂಬ ಬಳೆ ಕಂಡ ಮೇಲೆ ಕೇಳುವುದೇನಿದೆ?

ನನ್ನ ಯಜಮಾನರು ತೀರಿಕೊಂಡು ವರ್ಷಗಳಾಗಿವೆ. ಬೊಟ್ಟು ಬಳೆ ಅವರು ತಂದುಕೊಟ್ಟದ್ದಲ್ಲ, ನನ್ನ ತಾಯಿ ತೊಟ್ಟಿಲಲ್ಲೇ ಇಟ್ಟದ್ದು, ಅದನ್ನು ತೆಗೆಯುವುದಿಲ್ಲ ಎಂದು ಅವರ ಹನ್ನೊಂದನೆಯ ದಿನವೇ ನೆಂಟರ ಮುಂದೆ ಹೇಳಿದ್ದೆ. ಮಾಲೂರಿನಲ್ಲಿ ಅದು ಎಂದೂ ಸಮಸ್ಯೆಯಾಗಿರಲಿಲ್ಲ. ಇಲ್ಲಿ ಈಗ ಆಯಿತು. ಒಂದು ಸುದ್ದಿ ಸಾಲದೆಂದು ಈಗ ಬಾಯಲ್ಲಿ ಎರಡು ಸುದ್ದಿ.

ಮುತ್ತೈದೆಯರನ್ನು ಒಬ್ಬೊಬ್ಬರಾಗಿ ಹಿತ್ತಲಿಗೆ ಕರೆದು ಅಜ್ಜಿ ಅರಿಶಿನದ ನೀರಿನಲ್ಲಿ ಕಾಲು ತೊಳೆಯುತ್ತಿದ್ದರು. ನನ್ನ ಸರದಿ ಕೊನೆಯದು. ಒಗೆಯುವ ಕಲ್ಲಿನ ಮೇಲೆ ನನ್ನನ್ನು ಕೂರಿಸಿ ಅಜ್ಜಿ ನನ್ನ ಬಲಗಾಲನ್ನು ಹಿತ್ತಾಳೆ ತಟ್ಟೆಯಲ್ಲಿ ಇಟ್ಟುಕೊಂಡರು. ಅಲ್ಲಿ ನಾವಿಬ್ಬರೇ. ಆ ಸುಕ್ಕುಗಟ್ಟಿದ ಕೈ ನನ್ನ ಪಾದ ಮುಟ್ಟಿದಾಗ ನನಗೆ ತಡೆಯಲಾಗಲಿಲ್ಲ.

"ಅಜ್ಜಿ, ನನ್ನ ಕಾಲು ತೊಳೀಬೇಡಿ. ನಮ್ಮ ಯಜಮಾನ್ರು ತೀರ್ಕೊಂಡಿದ್ದಾರೆ."

ಅವರು ಕೈ ತೆಗೆಯಲಿಲ್ಲ. ಚೊಂಬಿನಿಂದ ಇನ್ನಷ್ಟು ನೀರು ಹೊಯ್ದರು. ಬಂದಾಗಿನಿಂದ ನೀನು ತಲೆ ಎತ್ತಿ ಯಾರನ್ನೂ ನೋಡುತ್ತಿಲ್ಲ, ನಿನ್ನ ಹೊಟ್ಟೆಯಲ್ಲಿ ಇದೊಂದೇ ಇಲ್ಲ ಎಂದರು. ನಾನು ಹೇಳಲು ಬಾಯಿ ತೆರೆದೆ. ಅವರು ಅರಿಶಿನ ಹತ್ತಿದ ಅಂಗೈ ಎತ್ತಿ ಬೇಡ ಎಂದು ತಡೆದು, ತಾವೇ ಹೇಳತೊಡಗಿದರು. ತಗ್ಗಿದ ದನಿಯಲ್ಲಿ, ಅರ್ಧ ತೆಲುಗು, ಅರ್ಧ ಕನ್ನಡ.

ಪೂಜಾರಿ ಹೋಗಿ ಕೆಲವು ವರ್ಷವಾದ ಮೇಲೆ ಒಬ್ಬ ಗಂಡಸು ಮದರಾಸಿನ ಕಡೆಯಿಂದ ನಡೆದು ಬಂದನಂತೆ. ದ್ವೀಪದಲ್ಲಿ ಶಿಕ್ಷೆ ಮುಗಿಸಿ ಬಿಡುಗಡೆಯಾದವನು. ಮನೆ ಕೇಳಿಕೊಂಡು ಬಂದು ಜಗಲಿಯ ಮೇಲೆ ಕೂತ. ಪೂಜಾರಿಯ ಹೆಂಡತಿ ನೀರು ತರುತ್ತಿದ್ದವಳು ದೂರದಿಂದಲೇ ನೋಡಿದಳು. ಅವನು ಕಣ್ಣೆತ್ತಿ ನೋಡಲಿಲ್ಲ. ಅಷ್ಟು ಸಾಕಾಯಿತು ಅವಳಿಗೆ. ಗಂಡುಮಕ್ಕಳಿಬ್ಬರು ಇನ್ನೂ ಚಿಕ್ಕವರು. ಗುಡಿಯ ಪೂಜೆಯನ್ನೂ ದೇವರ ಹೊಲವನ್ನೂ ಅಣ್ಣ ಬರುವ ತನಕ ಎಂದು ಮೈದುನ ನೋಡಿಕೊಳ್ಳುತ್ತಿದ್ದ. ಅಣ್ಣ ಇನ್ನು ಬರುವುದಿಲ್ಲ ಎಂದು ಗೊತ್ತಾದರೆ ಎಲ್ಲವೂ ಮೈದುನನದೇ, ಇವಳೂ ಮಕ್ಕಳೂ ಬೀದಿಗೆ. ಅವಳು ಬಿಂದಿಗೆ ಇಳಿಸಿ, ಎಲೆ ಹಾಕಿ, ಬಂದವನಿಗೆ ಬಡಿಸಿದಳು. ಬಡಿಸುತ್ತ ಒಂದೇ ಮಾತು ಹೇಳಿದಳು.

"ತಿನಿ ಪೋ ನಾಯನಾ. ಏಮೀ ಚೆಪ್ಪೊದ್ದು."

ಉಂಡು ಹೋಗಪ್ಪ, ಏನೂ ಹೇಳಬೇಡ. ಅವನು ಉಂಡ. ಕೈ ತೊಳೆದು ಹೊಸ್ತಿಲಿಗೆ ಹಣೆ ಮುಟ್ಟಿಸಿ, ಬಂದ ದಾರಿಯಲ್ಲೇ ಹೋದ. ಮಾರನೆಯ ದಿನ ಬೆಳಿಗ್ಗೆ ಅವಳು ಎಂದಿನಂತೆ ಕುಂಕುಮ ಇಟ್ಟುಕೊಂಡು ಬಾವಿಗೆ ಹೋದಳು. ಮಕ್ಕಳು ದೊಡ್ಡವರಾಗಿ ಪೂಜೆಯನ್ನೂ ಹೊಲವನ್ನೂ ಕೈಗೆ ತೆಗೆದುಕೊಳ್ಳುವವರೆಗೆ, ಅದಾದ ಮೇಲೂ, ಸಾಯುವವರೆಗೂ ಹಾಗೇ ಹೋದಳು. ಸಾಯುವ ಮುಂಚೆ ಸೊಸೆಗೆ ಹೇಳಿದಳು. ಆ ಸೊಸೆ ತನ್ನ ಸೊಸೆಗೆ. ಗಂಡಸರಿಗೆ ಯಾರೂ ಹೇಳಿಲ್ಲ.

ನಾನು ಸಮುದ್ರ ಕಂಡ ಪೂಜಾರಿಗೆ ಬೆರಗಾಗಿ ಕಾದಂಬರಿ ಕಟ್ಟುತ್ತಿದ್ದೆ. ಈ ಹೆಂಗಸು ಊರು ಬಿಟ್ಟು ಕದಲದೆ, ಒಬ್ಬ ಸತ್ತವನನ್ನು ತಾನೊಬ್ಬಳೇ ಇಷ್ಟು ತಲೆಮಾರು ಬದುಕಿಸಿಬಿಟ್ಟಿದ್ದಳು. ನನ್ನವರು ಹೋದಾಗ ನಾನು ಊರು ಕೇಳುವ ಹಾಗೆ ಅತ್ತವಳು. ಪಾಪ, ಆಕೆ ಎಷ್ಟು ಅತ್ತಿರಬೇಕು ಎಂದೆ.

"ಅತ್ರೆ ಗೊತ್ತಾಗ್ತಿರ್ಲಿಲ್ವಾ?" ಎಂದರು ಅಜ್ಜಿ. "ಅಳ್ಳೇ ಇಲ್ವಂತೆ."

ಆಮೇಲೆ ನನ್ನ ಎರಡೂ ಪಾದಕ್ಕೆ ಅರಿಶಿನ ಬಳಿದು, ತಮ್ಮ ಸೆರಗಿನಿಂದಲೇ ಒರೆಸಿ, ಎದ್ದೇಳು ಎಂದು ಕೈ ಕೊಟ್ಟರು. ನಾನಿನ್ನೂ ಕೂತೇ ಇದ್ದೆ.

"ಅವ್ಳೂ ನಿನ್ನಂಗೇನೇ ಕಣಮ್ಮ. ನೀನು ಎಲೆಗೆ ಕೂರಲ್ಲ ಅಂದ್ರೆ ಅವ್ಳನ್ನ ಎಬ್ಬಿಸಿದಂಗೆ. ನಡಿ."

ಇದನ್ನೆಲ್ಲ ಬರೆಯಬಹುದೇ ಎಂದು ಆಮೇಲೊಂದು ದಿನ ಅಜ್ಜಿಯನ್ನೇ ಕೇಳಿದೆ. ಹೆಸರು ಹಾಕಬೇಡ ಎಂದರು, ಊರು ತಿಳಿಯದ ಹಾಗೆ ಬರಿ ಎಂದರು. ಅದಕ್ಕೇ ಇಲ್ಲಿ ಊರಿನ ಹೆಸರನ್ನೂ ಮನೆಯ ಹೆಸರನ್ನೂ ಬದಲಿಸಿದ್ದೇನೆ. ಗಂಡಸರು ಓದಿದರೆ ಏನು ಗತಿ ಎಂದು ನಾನು ಹೆದರಿದ್ದಕ್ಕೆ, ನಮ್ಮನೆ ಗಂಡಸರು ಪೇಪರಿನಲ್ಲಿ ಮಾವಿನ ರೇಟು ಬಿಟ್ಟು ಬೇರೇನು ಓದಿದ್ದಾರೆ ಎಂದು ನಕ್ಕರು.

ಆ ಶುಕ್ರವಾರ ತೋಪಿನಲ್ಲಿ ಕಲ್ಲಿನ ಮುಂದೆ ಐದು ಎಲೆ ಹಾಕಿದ್ದರು. ನನ್ನದು ಕಲ್ಲಿನ ಬಲಕ್ಕೆ, ಮೊದಲನೆಯದು. ಮದುವೆಯಾಗಲಿರುವ ಹುಡುಗಿ ಬಂದು ಒಬ್ಬೊಬ್ಬರಿಗೂ ಕುಂಕುಮ ಇಟ್ಟು ಕಾಲಿಗೆ ನಮಸ್ಕಾರ ಮಾಡಿದಳು. ನನಗೂ ಮಾಡಿದಳು. ಚೆನ್ನಾಗಿ ಬಾಳಮ್ಮ ಎಂದೆ. ಪೂಜಾರಪ್ಪನವರ ಹೆಂಡತಿ ಬಡಿಸಿಕೊಂಡು ಬಂದರು. ಕೋಸಂಬರಿ, ಪಲ್ಯ, ಒಬ್ಬಟ್ಟು, ಅನ್ನ, ಸಾರು. ಆ ದಿನವೂ ಅವರು ನನ್ನ ಮುಖ ನೋಡಿರಲಿಲ್ಲ.

ನಾನು ಮೊದಲ ತುತ್ತು ಎತ್ತಿದ್ದೆ. ಆಗ ಪೂಜಾರಪ್ಪ ನೆಂಟರನ್ನೆಲ್ಲ ಕರೆದು ತಂದು ಸುತ್ತ ನಿಲ್ಲಿಸಿಕೊಂಡರು. ಈ ಟೀಚರಮ್ಮ ಮದರಾಸಿಗೆ ಹೋಗಿ ನಮ್ಮ ಹಿರೀಕರ ಸುದ್ದಿ ತಂದಿದ್ದಾರೆ ಎಂದು ಪರಿಚಯ ಮಾಡಿಕೊಟ್ಟರು. ಎಲ್ಲರ ಮುಖದಲ್ಲೂ ಆಸೆ. ಅಜ್ಜಿ ಕಲ್ಲಿಗೆ ಒರಗಿ ಕೂತು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು, ನನ್ನ ಕಡೆ ನೋಡಲೇ ಇಲ್ಲ. ಬಡಿಸುತ್ತಿದ್ದ ಅಜ್ಜಿಯ ಸೊಸೆ ಪಾಯಸದ ಪಾತ್ರೆ ಹಿಡಿದು ನನ್ನ ಎಲೆಯ ಮುಂದೆ ನಿಂತಲ್ಲೇ ನಿಂತರು.

"ಹೇಳಿ ಟೀಚರಮ್ಮ, ಏನಾದ್ರು ನಮ್ಮೋರು?"

"ಹಡಗು ಹತ್ತಿದ್ದು ಗ್ಯಾರಂಟಿ" ಎಂದೆ. "ಆಮೇಲೇನಾಯ್ತೋ ಸಿಕ್ಕಿಲ್ಲ. ಇನ್ನೂ ಹುಡುಕ್ತಾ ಇದ್ದೀನಿ."

ಅಷ್ಟು ಸಲೀಸಾಗಿ ನಾನು ಎಂದೂ ಸುಳ್ಳು ಹೇಳಿದವಳಲ್ಲ. ಪೂಜಾರಪ್ಪನವರಿಗೆ ಸ್ವಲ್ಪ ನಿರಾಸೆಯಾಯಿತು. ಹುಡುಕಿ ಹುಡುಕಿ, ಸಿಗದೆ ಎಲ್ಲಿ ಹೋಗುತ್ತಾರೆ ಎಂದು ಹೇಳಿ ನೆಂಟರನ್ನು ಊಟಕ್ಕೆ ಕರೆದುಕೊಂಡು ಹೋದರು.

ಸೊಸೆ ಇನ್ನೂ ನನ್ನ ಎಲೆಯ ಮುಂದೆಯೇ ಇದ್ದರು. ಮೊದಲ ಬಾರಿಗೆ ನನ್ನ ಮುಖವನ್ನು ನೇರವಾಗಿ ನೋಡಿದರು. ಕಣ್ಣು ತುಂಬಿತ್ತು. ಸಾಕೇ ಬೇಕೇ ಎಂದು ಕೇಳದೆ ಬಗ್ಗಿ, ನನ್ನ ಎಲೆಗೆ ಒಂದು ಸೌಟು ಪಾಯಸ ಬಡಿಸಿದರು, ಅದರ ಮೇಲೆ ಇನ್ನೊಂದು ಸೌಟು.

"ಉಣ್ಣಕ್ಕ" ಎಂದರು.